ಪೀಠವಾದ ಶಾಸನ: ಭೀಮಾತೀರದ ದೈವಗಳು, ಗ್ರೀಕರ ಜನಾಂಗೀಯ ಧರ್ಮ ಮತ್ತು ‘ಮೂಲ’ದ ಪ್ರಶ್ನೆ

೧

ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಭೀಮಾನದಿಯ ದಂಡೆಯ ಮೇಲಿರುವ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿಯ ಛಾವಣಿ ೧೯೮೬ರಲ್ಲಿ ಕುಸಿದು ಬಿದ್ದಿತು. ಅವಶೇಷಗಳನ್ನು ತೆರವುಗೊಳಿಸುವಾಗ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಗಳಲ್ಲಿ ಬ್ರಾಹ್ಮೀ ಅಕ್ಷರಗಳು ಕಂಡವು. ಅವು ಅಶೋಕನ ಶಾಸನಗಳಾಗಿದ್ದವು. ಮೂರ್ತಿಯನ್ನು ನಿಲ್ಲಿಸುವುದಕ್ಕಾಗಿ ಚಪ್ಪಡಿಯಲ್ಲಿ ಕೊರೆದ ರಂಧ್ರದಲ್ಲಿ ಕೆಲವು ಅಕ್ಷರಗಳು ಶಾಶ್ವತವಾಗಿ ಹೋಗಿದ್ದವು. ಸನ್ನತಿಯ ಪ್ರಾಚೀನತೆಯ ಕಡೆಗೆ ಕಪಟರಾಳ ಕೃಷ್ಣರಾಯರು ೧೯೫೪ರಷ್ಟು ಹಿಂದೆಯೇ ವಿದ್ವಾಂಸರ ಗಮನ ಸೆಳೆದಿದ್ದರು. ೧೯೯೦ರ ದಶಕದಲ್ಲಿ ನೆರೆಯ ಕನಗನಹಳ್ಳಿಯ ಉತ್ಖನನದಿಂದ ದೊಡ್ಡ ಸ್ತೂಪವೂ, ‘ರಾಯೋ ಅಸೋಕೋ’ ಎಂಬ ಬರಹವಿರುವ ಶಿಲ್ಪಫಲಕವೂ ಹೊರಬಂದವು. ಇವೆಲ್ಲ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಗಳು. ಪ್ರಸ್ತುತ ಪ್ರಬಂಧಕ್ಕೆ ಬೇಕಾದದ್ದು ಆ ಚಪ್ಪಡಿಯ ಮೇಲೆ ಏನಿತ್ತು ಎಂಬುದು.

ಅದರಲ್ಲಿ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಇವೆ. ಹನ್ನೆರಡನೆಯದು ಪಂಥಗಳು ಪರಸ್ಪರ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಕುರಿತದ್ದು. ತನ್ನ ಪಂಥವನ್ನು ಹೊಗಳಿಕೊಳ್ಳುತ್ತ ಅನ್ಯರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೆಡುಕು ಮಾಡುತ್ತಾನೆ, ಆದ್ದರಿಂದ ಮಾತಿನಲ್ಲಿ ಸಂಯಮ ಬೇಕು ಎಂಬುದು ಅದರ ತಿರುಳು. ಇದೇ ಶಾಸನದ ಕೊನೆಯ ಭಾಗವು ಹದಿಮೂರನೆಯ ಶಾಸನದ ಆರಂಭದೊಡನೆ ಗ್ರೀಕ್ ಭಾಷೆಯಲ್ಲಿ ಕೆತ್ತಲ್ಪಟ್ಟು ಅಫಘಾನಿಸ್ತಾನದ ಕಂದಹಾರದಲ್ಲಿ ೧೯೬೩ರಲ್ಲಿ ದೊರೆಯಿತು. ಅಲ್ಲಿ ‘ಧರ್ಮ’ಕ್ಕೆ ‘ಯೂಸೆಬೆಯಾ’ ಎಂಬ ಪದವನ್ನೂ, ‘ಪಾಸಂಡ’ ಅಂದರೆ ಪಂಥ ಎಂಬುದಕ್ಕೆ ‘ದಿಯಾತ್ರಿಬೆ’ ಎಂಬ ಪದವನ್ನೂ ಅನುವಾದಕ ಆರಿಸಿಕೊಂಡಿದ್ದಾನೆ. ಮೊದಲನೆಯದು ಗ್ರೀಕರು ತಮ್ಮ ದೇವತೆಗಳಿಗೆ ತೋರುವ ಭಯಭಕ್ತಿಗೆ ಬಳಸುತ್ತಿದ್ದ ಮಾತು. ಎರಡನೆಯದು ತತ್ತ್ವಜ್ಞರ ಶಾಲೆಗಳಿಗೆ ಸಂಬಂಧಿಸಿದ್ದು. ಹೀಗೆ ಒಬ್ಬನೇ ಅರಸನ ಒಂದೇ ಮಾತು ಗ್ರೀಕರಿಗೆ ಅವರ ನುಡಿಯಲ್ಲಿಯೂ ಭೀಮಾತೀರದವರಿಗೆ ಪ್ರಾಕೃತದಲ್ಲಿಯೂ ತಲುಪಿತು. ಆದರೆ ಭೀಮಾತೀರದಲ್ಲಿ ಆ ಮಾತೇ ಇನ್ನೊಂದು ದೈವದ ಪಾದದಡಿಯ ಕಲ್ಲಾಯಿತು.

ಇದನ್ನು ಅಪಹರಣವೆನ್ನಬೇಕೆ? ಈ ಪ್ರಶ್ನೆ ಸನ್ನತಿಯೊಂದರದಲ್ಲ. ಅದೇ ನದಿಯ ದಂಡೆಯ, ಅಫಜಲಪುರ ತಾಲೂಕಿನ ಘತ್ತರಗಿಯ ಭಾಗ್ಯವಂತಿಯ ಬಗೆಗೆ, ಗಾಣಗಾಪುರದ ದತ್ತಸಂಪ್ರದಾಯದ ಬಗೆಗೆ, ಮೇಲ್ದಂಡೆಯ ಪಂಢರಪುರದ ವಿಠ್ಠಲನ ಬಗೆಗೆ ನಮ್ಮ ಸಂಶೋಧಕರು ಬೇರೆ ಬೇರೆ ಕಾಲಗಳಲ್ಲಿ ಕೇಳಿದ, ಕೇಳದೆ ಬಿಟ್ಟ ಪ್ರಶ್ನೆಯೂ ಇದೇ ಆಗಿದೆ. ಇಂದಿನ ಗ್ರೀಸಿನಲ್ಲಿ ತಮ್ಮ ಪೂರ್ವಿಕರ ದೇವತೆಗಳನ್ನು ಮರಳಿ ಆರಾಧಿಸಹೊರಟ ಒಂದು ಸಣ್ಣ ಸಮುದಾಯವೂ ಇದೇ ಪ್ರಶ್ನೆಯನ್ನು ಹೆಚ್ಚು ತೀವ್ರವಾಗಿ ಎತ್ತಿದೆ. ಅವರ ವಾದದ ಬಲವೂ ದೌರ್ಬಲ್ಯವೂ ನಮ್ಮ ವಾದಗಳನ್ನು ಪರೀಕ್ಷಿಸಲು ನೆರವಾಗುತ್ತವೆಯೆಂಬ ಕಾರಣದಿಂದ ಮೊದಲು ಅದನ್ನು ನೋಡುವುದು ಯುಕ್ತ.

೨

ಗ್ರೀಕರ ಪ್ರಾಚೀನ ಧರ್ಮಕ್ಕೆ ಅದರ ಅನುಯಾಯಿಗಳು ಇಟ್ಟುಕೊಂಡ ಪ್ರತ್ಯೇಕ ಹೆಸರಿರಲಿಲ್ಲ. ಅದು ಊರಿನ ಆಚಾರವಾಗಿತ್ತು, ಮನೆತನದ ನಡಾವಳಿಯಾಗಿತ್ತು. ಹೆಸರು ಬಂದದ್ದು ಅದನ್ನು ಅಳಿಸಹೊರಟವರಿಂದ. ಕ್ರಿಸ್ತಶಕ ನಾಲ್ಕನೆಯ ಶತಮಾನದ ಕೊನೆಯಲ್ಲಿ, ಮುಖ್ಯವಾಗಿ ೩೯೧-೩೯೨ರಲ್ಲಿ, ಸಮ್ರಾಟ ಥಿಯೊಡೋಸಿಯಸ್‌ನ ಆಜ್ಞೆಗಳು ಬಲಿಪೂಜೆಯನ್ನೂ ದೇವಾಲಯ ಪ್ರವೇಶವನ್ನೂ ನಿಷೇಧಿಸಿದವು. ಅಥೇನಾ ದೇವಿಯ ಪಾರ್ಥೆನಾನ್ ಕ್ರಮೇಣ ಕನ್ಯೆ ಮರಿಯಳ ಇಗರ್ಜಿಯಾಯಿತು. ಹದಿನೈದನೆಯ ಶತಮಾನದಲ್ಲಿ ಅಟೋಮನ್ನರ ಮಸೀದಿಯಾಯಿತು. ೧೬೮೭ರ ಯುದ್ಧದಲ್ಲಿ ಅದರೊಳಗಿಟ್ಟಿದ್ದ ಮದ್ದುಗುಂಡು ಸಿಡಿದು ಪಾಳಾಯಿತು. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಕ್ರೈಸ್ತ ಲೇಖಕರ ಬರಹದಲ್ಲಿ ‘ಹೆಲ್ಲೀನ್’ ಎಂಬ ಜನಾಂಗವಾಚಿ ಪದವೇ ‘ಹಳೆಯ ದೇವರುಗಳನ್ನು ಪೂಜಿಸುವವನು’ ಎಂಬ ನಿಂದೆಯ ಅರ್ಥವನ್ನು ಪಡೆಯಿತು. ಗ್ರೀಕ್ ಮಾತಾಡುವ ಕ್ರೈಸ್ತರು ಶತಮಾನಗಳ ಕಾಲ ತಮ್ಮನ್ನು ‘ರೋಮನರು’ ಎಂದೇ ಕರೆದುಕೊಂಡರು. ಹತ್ತೊಂಬತ್ತನೆಯ ಶತಮಾನದ ರಾಷ್ಟ್ರೀಯತೆ ‘ಹೆಲ್ಲೀನ್’ ಪದವನ್ನು ಗೌರವದೊಡನೆ ಮರಳಿ ತಂದಿತು. ಪದ ಹಿಂದಿರುಗಿತು, ದೇವತೆಗಳು ಹಿಂದಿರುಗಲಿಲ್ಲ.

ಇದರ ಸೋದರ ಕಥೆ ನಮ್ಮ ನೆಲದಲ್ಲಿಯೇ ಇದೆ. ಅಶೋಕನ ಶಾಸನಗಳ ‘ಯೋನ’, ಸಂಸ್ಕೃತದ ‘ಯವನ’ ಎಂಬುದು ಅಯೋನಿಯದ ಗ್ರೀಕನನ್ನು ಸೂಚಿಸುತ್ತಿದ್ದ ಪದ. ಕಾರ್ಲೆಯ ಗುಹೆಗಳಿಗೆ ದಾನವಿತ್ತ ಯವನರಿದ್ದಾರೆ. ಬೆಸನಗರದಲ್ಲಿ ಗರುಡಸ್ತಂಭ ನಿಲ್ಲಿಸಿ ತನ್ನನ್ನು ಭಾಗವತನೆಂದು ಕರೆದುಕೊಂಡ ಹೆಲಿಯೊಡೋರಸ್ ತಕ್ಷಶಿಲೆಯಿಂದ ಬಂದ ಯವನ ರಾಯಭಾರಿ. ಈ ಪದ ದಖನ್ನಿನಲ್ಲಿ ಮಧ್ಯಯುಗದ ಹೊತ್ತಿಗೆ ತುರ್ಕರನ್ನೂ ಮುಸಲ್ಮಾನ ಅರಸರನ್ನೂ ಸೂಚಿಸತೊಡಗಿತು. ಒಂದು ಜನಾಂಗದ ಹೆಸರನ್ನು ಮತ್ತೊಂದು ಜನಾಂಗದ ಮೇಲೆ ಹೊದಿಸುವಾಗ ಯಾರ ಅನುಮತಿಯನ್ನೂ ಯಾರೂ ಕೇಳಲಿಲ್ಲ.

ಗ್ರೀಸಿನಲ್ಲಿ ಹಳೆಯ ಧರ್ಮವನ್ನು ‘ಜನಾಂಗೀಯ ಧರ್ಮ’ವೆಂದು ಕರೆದು ಅದರ ಪರವಾಗಿ ನಿಂತ ಪ್ರಮುಖ ಸಂಸ್ಥೆ ಜನಾಂಗೀಯ ಹೆಲ್ಲೀನರ ಪರಮೋಚ್ಚ ಪರಿಷತ್ತು. ಅದು ಸ್ಥಾಪಿತವಾದದ್ದು ೧೯೯೭ರಲ್ಲಿ. ೨೦೦೭ರ ಜನವರಿಯಲ್ಲಿ ‘ಎಲ್ಲಿನಾಯಿಸ್’ ಎಂಬ ಬೇರೊಂದು ಗುಂಪು ಅಥೆನ್ಸಿನ ಒಲಿಂಪಿಯನ್ ಜ್ಯೂಸ್ ದೇವಾಲಯದ ಅವಶೇಷಗಳ ನಡುವೆ, ಸಂಸ್ಕೃತಿ ಇಲಾಖೆಯ ನಿಷೇಧವನ್ನು ಲೆಕ್ಕಿಸದೆ ಪ್ರಾರ್ಥನೆ ನಡೆಸಿತು. ಪುರಾತತ್ತ್ವದ ಕಾಯಿದೆಗೆ ಅದು ಸ್ಮಾರಕ, ಪ್ರವಾಸಿಗೆ ದೃಶ್ಯ, ಅವರಿಗೆ ಮಾತ್ರ ಗುಡಿ. ೨೦೧೭ರಲ್ಲಿ ಗ್ರೀಕ್ ಸರಕಾರ ಈ ಧರ್ಮವನ್ನು ಮಾನ್ಯ ಧರ್ಮಗಳಲ್ಲೊಂದೆಂದು ಒಪ್ಪಿತು. (ಮರುವರ್ಷ, ೨೦೧೮ರ ಮಾರ್ಚಿನಲ್ಲಿ, ಕರ್ನಾಟಕ ಸರಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆಯನ್ನು ಶಿಫಾರಸು ಮಾಡಿತೆಂಬುದನ್ನೂ, ಕೇಂದ್ರವು ಅದನ್ನು ಒಪ್ಪಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ಧರ್ಮದ ಅಸ್ಮಿತೆ ಕಡತಕ್ಕೆ ಏರಿದೊಡನೆ ಅದರ ಭಾಷೆಯೇ ಬದಲಾಗುತ್ತದೆ. ಅದು ಬೇರೆಯೇ ಪ್ರಬಂಧದ ವಿಷಯ.)

ಈ ಸಮುದಾಯದ ದೂರು ಎರಡು ಮುಖದ್ದು. ಒಂದು, ತಮ್ಮ ದೇವತೆಗಳನ್ನು ಲೋಕವೆಲ್ಲ ಕಾವ್ಯಾಲಂಕಾರವಾಗಿ, ಜಾಹೀರಾತಿನ ಚಿಹ್ನೆಯಾಗಿ, ತನಗಿಷ್ಟ ಬಂದಂತೆ ಕಲಸಿದ ಹೊಸ ಆರಾಧನಾಪಂಥಗಳ ಸಾಮಗ್ರಿಯಾಗಿ ಬಳಸುತ್ತಿದೆ ಎಂಬುದು. ಎರಡು, ಗ್ರೀಕ್ ಪರಂಪರೆಯ ವೈಭವವನ್ನು ಕೊಂಡಾಡುವವರೇ ಆ ಪರಂಪರೆಯ ಧರ್ಮವನ್ನು ಸತ್ತದ್ದೆಂದು ಸಾರುತ್ತಾರೆ ಎಂಬುದು. ಈ ಎರಡನೆಯ ದೂರಿನಲ್ಲಿ ನನಗೆ ನಿಜವಾದ ತೂಕ ಕಾಣುತ್ತದೆ. ಒಂದು ಆಚರಣೆಯನ್ನು ಸತ್ತದ್ದೆಂದು ಘೋಷಿಸುವುದು ಅದನ್ನು ಯಾರ ಸ್ವತ್ತೂ ಅಲ್ಲವೆಂದು ಮಾಡುವ ಸುಲಭೋಪಾಯ. ಆದರೆ ಈ ವಾದದಿಂದ ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ: ಹೆಲ್ಲೀನರ ದೇವತೆ ಹೆಲ್ಲೀನ ರಕ್ತದವರಿಗೆ ಮಾತ್ರ ಎಂಬುದು ಆ ಹೆಜ್ಜೆ. ಈಜಿಪ್ತಿನ ಐಸಿಸ್‌ಗೆ, ಥ್ರೇಸಿನ ಬೆಂಡಿಸ್‌ಗೆ ಗುಡಿ ಕಟ್ಟಿದವರು ಅದೇ ಪ್ರಾಚೀನ ಗ್ರೀಕರು. ಅಥೆನ್ಸಿನಲ್ಲಿ ಬೆಂಡಿಸ್ ದೇವಿಯ ಉತ್ಸವ ನಗರದ ಅಧಿಕೃತ ಉತ್ಸವವಾಗಿತ್ತು, ಅದರಲ್ಲಿ ಥ್ರೇಸಿನವರ ಮೆರವಣಿಗೆಯೂ ಅಥೆನ್ಸಿನವರ ಮೆರವಣಿಗೆಯೂ ಬೇರೆಬೇರೆಯಾಗಿ ಸಾಗುತ್ತಿದ್ದವು. ಅನ್ಯರ ದೈವವನ್ನು ಬರಮಾಡಿಕೊಂಡಾಗಲೂ ಆ ದೈವದ ಮೊದಲ ಒಕ್ಕಲಿಗೆ ಅದರ ಜಾಗ ಉಳಿದಿತ್ತು.

ಈ ಒಂದು ದೃಷ್ಟಾಂತದಿಂದ ಪರಿಭಾಷೆಯ ತೊಡಕೊಂದು ಬಿಡಿಸಿಕೊಳ್ಳುತ್ತದೆ. ಸಂಸ್ಕೃತಿಯೊಂದು ಇನ್ನೊಂದರಿಂದ ಪಡೆಯುವುದನ್ನು ನಮ್ಮ ವಿಮರ್ಶೆ ‘ಸ್ವೀಕಾರ’, ‘ಸ್ವಾಂಗೀಕರಣ’, ‘ಅಪಹರಣ’ ಎಂಬ ಮಾತುಗಳಿಂದ, ಹಲವು ವೇಳೆ ಒಂದಕ್ಕೆ ಬದಲಾಗಿ ಇನ್ನೊಂದನ್ನು ಬಳಸುತ್ತ, ವಿವರಿಸಿದೆ. ಹೊಸ ಭಕ್ತ ಬಂದರೆ, ಹೊಸ ಹೆಸರು ಸೇರಿದರೆ, ಹೊಸ ಭಾಷೆಯ ಸ್ತುತಿ ಹುಟ್ಟಿದರೆ ಅದು ಅಪಹರಣವಲ್ಲ. ಮೊದಲು ಪೂಜಿಸುತ್ತಿದ್ದವನ ಕೈ, ಬಾಯಿ, ಸರದಿ ಇಲ್ಲವಾಗಿ, ಅವನು ನಿಂತಿದ್ದ ನೆಲವಷ್ಟೇ ಪೀಠವಾಗಿ ಉಳಿದರೆ ಅದು ಅಪಹರಣ. ಸನ್ನತಿಯ ಚಪ್ಪಡಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಆ ಅಕ್ಷರಗಳನ್ನು ಓದಬಲ್ಲವರು ಅಲ್ಲಿ ಇಲ್ಲದಂತಾದದ್ದು ಮೊದಲ ನಷ್ಟ, ಉಳಿಯ ರಂಧ್ರ ಎರಡನೆಯದು. ಗುಡಿ ಕಟ್ಟಿದ ಕಲ್ಲುಕುಟಿಗನ ಪಾಲಿಗೆ ಅದು ಒಂದು ಗಟ್ಟಿ ಕಲ್ಲು. ಅವನ ಮೇಲೆ ದೋಷವನ್ನು ಹೊರಿಸುವಂತಿಲ್ಲ.

೩

ಕನ್ನಡ ಸಂಶೋಧನೆಯಲ್ಲಿ ಈ ಪ್ರಶ್ನೆಯನ್ನು ಧೈರ್ಯದಿಂದ ಎತ್ತಿದವರು ಶಂ. ಬಾ. ಜೋಶಿಯವರು. ‘ಕಣ್ಮರೆಯಾದ ಕನ್ನಡ’ (೧೯೩೩) ಎಂಬ ಶೀರ್ಷಿಕೆಯೇ ಅವರ ನೋವನ್ನೂ ನಿಲುವನ್ನೂ ಹೇಳುತ್ತದೆ. ಸ್ಥಳನಾಮಗಳ ಆಧಾರದಿಂದ, ಹಟ್ಟಿಕಾರರೆಂಬ ಪಶುಪಾಲಕ ಸಮುದಾಯದ ಜಾಡು ಹಿಡಿದು, ಇಂದಿನ ಮಹಾರಾಷ್ಟ್ರದ ಬಹುಭಾಗದ ಸಂಸ್ಕೃತಿಯ ತಳದಲ್ಲಿ ಕನ್ನಡವಿದೆಯೆಂದು ಅವರು ವಾದಿಸಿದರು. ಏಕೀಕರಣದ ಚಳವಳಿಯ ಕಾಲದಲ್ಲಿ, ಮುಂಬಯಿ ಪ್ರಾಂತದ ಕನ್ನಡಿಗನಿಗೆ ತನ್ನ ಶಾಲೆಯಲ್ಲಿಯೇ ತನ್ನ ನುಡಿ ಎರವಾಗಿದ್ದಾಗ, ಈ ವಾದಕ್ಕೆ ಒದಗಿದ ಶಕ್ತಿ ಅಲ್ಪವಲ್ಲ. ಆದರೆ ಶಂಬಾ ಅವರ ಕಣ್ಣು ಸದಾ ‘ಮೂಲ’ದ ಮೇಲೆ. ಮೂಲ ಕನ್ನಡದ್ದೆಂದು ಸಿದ್ಧವಾದರೆ ನ್ಯಾಯ ಸಿಕ್ಕಿತೆಂಬ ಭಾವ ಅವರ ಅನುಯಾಯಿಗಳಲ್ಲಿ ಬೆಳೆಯಿತು. ಅಷ್ಟು ಹೊತ್ತಿಗೆ ಆ ದೈವವನ್ನು ಯಾರು ಪೂಜಿಸುತ್ತಿದ್ದಾರೆ, ಯಾವ ನುಡಿಯಲ್ಲಿ ಹಾಡುತ್ತಿದ್ದಾರೆ ಎಂಬುದು ಹಿಂದೆ ಸರಿಯಿತು.

ಮರಾಠಿಯ ರಾ. ಚಿಂ. ಢೇರೆಯವರು ಶಂಬಾ ಅವರ ಋಣವನ್ನು ಅರಿತವರು. ಅವರ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ (೧೯೮೪) ಪಂಢರಪುರದ ದೇವರು ಮೂಲತಃ ದಕ್ಷಿಣದ ಗೊಲ್ಲ ಕುರುಬರ ದೈವವೆಂದು ವಿಪುಲವಾದ ಆಧಾರಗಳಿಂದ ತೋರಿಸಿತು. ಮರಾಠಿ ಅಸ್ಮಿತೆಯ ಹೃದಯದಲ್ಲಿರುವ ದೇವರನ್ನು ಕುರಿತು ಮರಾಠಿಯಲ್ಲಿಯೇ ಹೀಗೆ ಬರೆಯಲು ಬೇಕಾದ ಪ್ರಾಮಾಣಿಕತೆಯನ್ನು ಯಾರಾದರೂ ಮೆಚ್ಚಬೇಕು. ೧೯೮೭ರಲ್ಲಿ ಆ ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಸಂದಿತು. ನನ್ನ ಆಕ್ಷೇಪ ಇರುವುದು ಅದರ ಶೀರ್ಷಿಕೆಯ ಕೊನೆಯ ಪದಕ್ಕೆ. ‘ಸಮನ್ವಯ’ವೆಂಬುದು ಎಲ್ಲರೂ ಗೆದ್ದ ಕಥೆಯ ಹೆಸರು. ಪಶುಪಾಲಕರ ದೈವ ವಿಷ್ಣುವಾದಾಗ, ಅಲೆಮಾರಿಯ ಕಲ್ಲು ಕ್ಷೇತ್ರವಾದಾಗ, ಪೂಜೆಯ ಅಧಿಕಾರ ಯಾರಿಂದ ಯಾರಿಗೆ ಹೋಯಿತು ಎಂಬ ಲೆಕ್ಕ ಆ ಪದದಲ್ಲಿ ಕಾಣಿಸುವುದಿಲ್ಲ. ಶಂಬಾ ಅವರ ‘ಮೂಲ’ವು ಇಂದು ಇರುವವರನ್ನು ಮರೆಸಿದರೆ ಢೇರೆಯವರ ‘ಸಮನ್ವಯ’ವು ನಡುವೆ ಹೊರಬಿದ್ದವರನ್ನು ಮರೆಸುತ್ತದೆ.

ಮೂಲದ ಹುಡುಕಾಟ ನಮ್ಮನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ಗ್ರೀಕರಿಗೇ ಸಂಬಂಧಿಸಿದ ಒಂದು ನಿದರ್ಶನ ಕನ್ನಡಿಗರಿಗೆ ಪರಿಚಿತವಾಗಿದೆ. ಈಜಿಪ್ತಿನ ಆಕ್ಸಿರಿಂಕಸ್‌ನಲ್ಲಿ ದೊರೆತು ೧೯೦೩ರಲ್ಲಿ ಪ್ರಕಟವಾದ ಪಪೈರಸ್ ಹಾಳೆಯೊಂದರಲ್ಲಿ ‘ಖಾರಿಟಿಯನ್’ ಎಂಬ ಗ್ರೀಕ್ ಪ್ರಹಸನವಿದೆ. ಭಾರತದ ಕಡಲ ತೀರದಲ್ಲಿ ಚಂದ್ರದೇವಿಯ ಗುಡಿಯೊಂದರಲ್ಲಿ ಸೆರೆಯಾಗಿರುವ ಗ್ರೀಕ್ ಹೆಣ್ಣು, ಅವಳನ್ನು ಬಿಡಿಸಲು ಬಂದವರು, ಅವರು ಮದ್ಯ ಕುಡಿಸಿ ಮರುಳುಗೊಳಿಸುವ ಸ್ಥಳೀಯ ಅರಸ, ಇವರ ಕಥೆ ಅದು. ಅರಸನೂ ಅವನ ಪರಿವಾರವೂ ಆಡುವ ಅಪರಿಚಿತ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಶ್ ೧೯೦೪ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಎಂ. ಗೋವಿಂದ ಪೈಗಳೂ ಆ ಸೂಚನೆಯನ್ನು ಮುಂದುವರಿಸಿದರು; ಒಪ್ಪದವರೂ ಇದ್ದರು, ತುಳುವೆಂದವರೂ ಇದ್ದಾರೆ. ಈ ವಾದಗಳ ಬೆಲೆ ಏನೇ ಇರಲಿ, ಆ ಪ್ರಹಸನದಲ್ಲಿ ನಾವು ಓದಿದ್ದು ನಮ್ಮ ಭಾಷೆಯ ನಾಲ್ಕು ಅಕ್ಷರಗಳನ್ನಷ್ಟೇ. ತಪ್ಪಿಸಿಕೊಂಡು ಹೋಗುವಾಗ ದೇವಿಯ ಕಾಣಿಕೆಗಳನ್ನೂ ಕದ್ದೊಯ್ಯೋಣವೆಂದು ವಿದೂಷಕ ಸೂಚಿಸುತ್ತಾನೆ. ನಾಯಕಿ ಒಪ್ಪುವುದಿಲ್ಲ, ದೇವದ್ರೋಹ ಮಾಡಿ ದೇವರ ರಕ್ಷೆ ಬೇಡಬಾರದೆಂಬ ಅರ್ಥದ ಮಾತನ್ನು ಆಡುತ್ತಾಳೆ. ಪರನಾಡಿನ ದೇವಿಯ ಒಡವೆ ಆ ದೇವಿಯದೇ ಎಂಬ ತಿಳಿವಳಿಕೆ ಆ ಅಗ್ಗದ ಪ್ರಹಸನದಲ್ಲಿಯೂ ಇದೆ. ಚಂದ್ರದೇವಿಯೆಂಬ ಮಾತಿನಿಂದ ಚಂದ್ರಲಾಂಬೆಯನ್ನು ನೆನೆದು, ಖಾರಿಟಿಯನ್ ಸೆರೆಯಲ್ಲಿದ್ದದ್ದು ಸನ್ನತಿಯಲ್ಲಿಯೇ ಎಂದು ನಾಳೆ ಯಾರಾದರೂ ಬರೆದರೆ ಆಶ್ಚರ್ಯವಿಲ್ಲ. ಸನ್ನತಿಗೆ ಕಡಲಿಲ್ಲವೆಂಬ ಸಂಗತಿ ಅಂಥ ಉತ್ಸಾಹಕ್ಕೆ ಅಡ್ಡಿಯಾಗಲಾರದು.

೪

ಮತ್ತೆ ಭೀಮಾತೀರಕ್ಕೆ ಬರೋಣ. ಅಫಜಲಪುರ ತಾಲೂಕಿನ ಗಾಣಗಾಪುರವು ಭೀಮಾ ಅಮರಜಾ ಸಂಗಮದ ಕ್ಷೇತ್ರ. ವಿದರ್ಭದ ಕಾರಂಜೆಯಲ್ಲಿ ಹುಟ್ಟಿದ ನೃಸಿಂಹ ಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ತಮ್ಮ ಬಾಳಿನ ಕೊನೆಯ ಎರಡು ದಶಕಗಳಿಗೂ ಹೆಚ್ಚು ಕಾಲವನ್ನು ಇಲ್ಲಿ ಕಳೆದರೆಂದು ಸಂಪ್ರದಾಯವಿದೆ. ಅವರ ಚರಿತ್ರೆಯಾದ ‘ಗುರುಚರಿತ್ರ’ ಮರಾಠಿ ಓವಿಗಳಲ್ಲಿದೆ. ಅದನ್ನು ರಚಿಸಿದ ಸರಸ್ವತಿ ಗಂಗಾಧರನು ಆಳಂದ ತಾಲೂಕಿನ ಕಡಗಂಚಿಯವನೆಂದೂ, ಮನೆಮಾತು ಕನ್ನಡವಾಗಿದ್ದರೂ ಗುರುವಿನ ಆಜ್ಞೆಯಂತೆ ಮರಾಠಿಯಲ್ಲಿ ಬರೆದನೆಂದೂ ದತ್ತಭಕ್ತರು ನಂಬುತ್ತಾರೆ. ಕಡಗಂಚಿಯಲ್ಲಿ ಇಂದು ೨೦೦೯ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಈ ಗ್ರಂಥವನ್ನು ಆ ಊರಿನ ಕೃತಿಯಾಗಿ ಓದುವ ಕೆಲಸಕ್ಕೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿರಲಾರದು.

ಗುರುಚರಿತ್ರವನ್ನು ಅಪಹರಣದ ಸಾಕ್ಷಿಯಾಗಿ ನೋಡುವ ಕನ್ನಡಾಭಿಮಾನ ನನಗೆ ಸಮ್ಮತವಲ್ಲ. ಗುರು ಬಂದದ್ದು ಮರಾಠಿ ನಾಡಿನಿಂದ, ಭಕ್ತರಲ್ಲಿ ಬಹುಪಾಲು ಆ ನಾಡಿನವರು. ಗಾಣಗಾಪುರದ ಬೀದಿಯಲ್ಲಿ ಮಧ್ಯಾಹ್ನ ಮಾಧುಕರಿ ಬೇಡುತ್ತ ಮನೆಯಿಂದ ಮನೆಗೆ ಹೋಗುವ ಭಕ್ತನಿಗೆ ಅನ್ನ ನೀಡುವ ಕೈಗೆ ಭಾಷೆಯ ಹಂಗಿಲ್ಲ. ಆದರೆ ಗ್ರಂಥವನ್ನು ವಿಮರ್ಶಕನಾಗಿ ಓದುವಾಗ ಒಂದು ಕೊರತೆ ಎದ್ದು ಕಾಣುತ್ತದೆ. ಅದರಲ್ಲಿ ಈ ನೆಲದ ಜನ ಧಾರಾಳವಾಗಿದ್ದಾರೆ. ಗುರುವಿನ ಮಾತು ನಂಬಿ ಬಲಿಯದ ಜೋಳದ ಪೈರನ್ನು ಕೊಯ್ದು ನೂರ್ಮಡಿ ಬೆಳೆ ಪಡೆದ ರೈತನಿದ್ದಾನೆ. ಬಂಜೆಯೆಮ್ಮೆಯ ಹಾಲು ಕರೆದ ಬಡ ಗೃಹಿಣಿಯಿದ್ದಾಳೆ. ಏಳು ಗೆರೆಗಳನ್ನು ದಾಟಿಸಿ ಗುರು ವೇದ ನುಡಿಸಿದ ಅಂತ್ಯಜನಿದ್ದಾನೆ. ಮರುಹುಟ್ಟಿನಲ್ಲಿ ಬೀದರಿನ ‘ಯವನ’ ಅರಸನಾಗಿ ಬರುವ ಮಡಿವಾಳನಿದ್ದಾನೆ. ಹೊಲ ಭೀಮೆಯದು, ಜೋಳ ಭೀಮೆಯದು, ಆ ರೈತ ತನ್ನ ಹೆಂಡತಿಯೊಡನೆ ಜಗಳವಾಡಿದ್ದು ಯಾವ ನುಡಿಯಲ್ಲಿ ಎಂಬುದರಲ್ಲಿ ಸಂದೇಹಕ್ಕೆ ಎಡೆ ಕಡಿಮೆ. ಗ್ರಂಥದಲ್ಲಿ ಅವನಿಗೆ ಫಲ ಸಿಕ್ಕಿದೆ, ಮಾತು ಸಿಕ್ಕಿಲ್ಲ. ಅಂತ್ಯಜನ ಕಥೆಯಲ್ಲಿಯಂತೂ ಇದು ಇನ್ನೂ ತೀಕ್ಷ್ಣವಾಗಿದೆ. ಅವನ ಬಾಯಿಂದ ಬರುವುದು ವೇದ. ಕಥೆ ಮುಗಿಯುವ ಹೊತ್ತಿಗೆ ಆ ಸ್ಮೃತಿಯೂ ತೊಳೆದುಹೋಗಿ ಅವನು ತನ್ನ ಕೇರಿಗೆ ಮರಳುತ್ತಾನೆ. ಅವನ ಸ್ವಂತ ದೈವ ಯಾವುದು, ಅದಕ್ಕೆ ಅವನು ಏನು ಹಾಡುತ್ತಿದ್ದ ಎಂದು ಗ್ರಂಥ ಕೇಳುವುದಿಲ್ಲ.

ಇದಕ್ಕೆ ಎದುರಾಗಿ ಗಡಿಯಾಚೆಯ ಹುಲಜಂತಿಯನ್ನು ಇಡಬಹುದು. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಈ ಊರಿನಲ್ಲಿ ದೀಪಾವಳಿಯ ಹೊತ್ತಿಗೆ ಮಾಳಿಂಗರಾಯನ ಜಾತ್ರೆ, ಬೀರಪ್ಪನೊಡನೆ ಅವನ ಪಲ್ಲಕ್ಕಿಯ ಭೇಟಿ. ಡೊಳ್ಳಿನ ಹಾಡುಗಳಲ್ಲಿ ಹಾಲುಮತದ ಕಥನ ಅಲ್ಲಿ ಕನ್ನಡದಲ್ಲಿಯೇ ನಡೆಯುತ್ತದೆ. ಅದೇ ದೈವ ಮರಾಠಿ ಧನಗರರಿಗೆ ಬಿರೋಬಾ, ಅವರ ಓವಿಗಳು ಮರಾಠಿಯಲ್ಲಿ. ಗುಂಟರ್ ಸೊಂಥೈಮರ್ ದಶಕಗಳ ಕಾಲ ಅವರೊಡನೆ ಅಲೆದು ಅವನ್ನು ಸಂಗ್ರಹಿಸಿದರು. ಒಂದು ದೈವ, ಎರಡು ನುಡಿ. ಎರಡೂ ಕಡೆ ಕಂಬಳಿ ಹೊದ್ದವನೇ ಪೂಜಾರಿ. ಅಲ್ಲಿ ಯಾರು ಯಾರಿಂದ ಪಡೆದರೆಂಬ ಪ್ರಶ್ನೆ ವಿದ್ವಾಂಸನಿಗೆ ಸ್ವಾರಸ್ಯಕರವಾಗಿರಬಹುದು, ಒಕ್ಕಲಿಗೆ ಅದು ನೋವಿನ ಪ್ರಶ್ನೆಯಲ್ಲ.

ನೋವಿನ ಪ್ರಶ್ನೆಯಾದದ್ದು ಆಳಂದದಲ್ಲಿ. ಅಲ್ಲಿಯ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿ ರಾಘವಚೈತನ್ಯರ ಸಮಾಧಿಸ್ಥಾನವೆಂದು ಹೇಳಲಾಗುವ ಶಿವಲಿಂಗವಿದೆ. ಸೂಫಿ ಸಂತನ ಗೋರಿ, ಚೈತನ್ಯ ಪರಂಪರೆಯ ಗುರುವಿನ ಲಿಂಗ ಒಂದೇ ಆವರಣದಲ್ಲಿರುವುದು ದಖನ್ನಿನಲ್ಲಿ ಅಪೂರ್ವವೇನಲ್ಲ. ತಿಂಥಣಿಯ ಸಂತ ಮೌನೇಶ್ವರನೂ ಹೌದು, ಮೌನುದ್ದೀನನೂ ಹೌದು. ಆದರೆ ೨೦೨೨ರ ಶಿವರಾತ್ರಿಯಂದು ಆಳಂದದಲ್ಲಿ ಘರ್ಷಣೆಯಾಯಿತು. ವಿವಾದ ನ್ಯಾಯಪೀಠದ ಮುಂದೆ ಹೋಗಿ, ೨೦೨೩ರ ಶಿವರಾತ್ರಿಗೆ ೧೫ ಮಂದಿ ಪೊಲೀಸ್ ಕಾವಲಿನಲ್ಲಿ ಪೂಜೆ ಸಲ್ಲಿಸಲು ಅನುಮತಿ ದೊರೆಯಿತು. ನ್ಯಾಯಾಲಯ ಶಾಂತಿಯ ದೃಷ್ಟಿಯಿಂದ ತನಗೆ ಸಾಧ್ಯವಾದುದನ್ನು ಮಾಡಿತು. ಎರಡೂ ಕಡೆಯ ವಾದಗಳು ಮಾತ್ರ ಗಮನಾರ್ಹ: ಎರಡೂ ‘ಮೊದಲು ಯಾರಿದ್ದರು’ ಎಂಬುದರ ಸುತ್ತ ಕಟ್ಟಿದಂಥವು. ಅಸ್ಮಿತೆಯ ರಕ್ಷಣೆ ಮೂಲದ ಮೇಲೆ ನಿಂತೊಡನೆ ಎದುರಿನವನು ಅತಿಕ್ರಮಣಕಾರನಾಗಲೇಬೇಕು. ನಮ್ಮ ಸಂಶೋಧನೆ ಹಲವು ದಶಕಗಳಿಂದ ಹರಿತಗೊಳಿಸಿದ ಅದೇ ಆಯುಧ ಬೀದಿಗೆ ಬಂದಾಗ, ಅದು ನಮ್ಮದಲ್ಲವೆಂದು ಹೇಳುವ ಅಧಿಕಾರ ಸಂಶೋಧಕರಿಗಿಲ್ಲ.

೫

ಘತ್ತರಗಿ ಇವೆಲ್ಲವುಗಳಿಗಿಂತ ಸರಳವಾದ ಊರು. ಭೀಮೆಯ ದಂಡೆ, ಸೇತುವೆಯೂ ಆಗಿರುವ ಬ್ಯಾರೇಜು, ಭಾಗ್ಯವಂತಿಯ ಗುಡಿ. ಅಮಾವಾಸ್ಯೆಯಂದು ಕಲಬುರಗಿ, ವಿಜಯಪುರ ಜಿಲ್ಲೆಗಳಿಂದಲೂ ಸೊಲ್ಲಾಪುರದ ಕಡೆಯಿಂದಲೂ ಜನ ಸೇರುತ್ತಾರೆ. ಗುಡಿ ಮುಜರಾಯಿ ಇಲಾಖೆಗೆ ಸೇರಿದ್ದು. ಇಲ್ಲಿ ಘರ್ಷಣೆಯಿಲ್ಲ, ದಾವೆಯ ಗದ್ದಲವಿಲ್ಲ. ಹಾಗಾಗಿಯೇ ಇಲ್ಲಿ ನಡೆಯಬಹುದಾದುದು ಯಾರ ಕಣ್ಣಿಗೂ ಬೀಳದೆ ನಡೆಯಬಲ್ಲದು.

ಗ್ರಾಮದೇವತೆ ಕ್ಷೇತ್ರದೇವತೆಯಾಗುವ ಕ್ರಮ ನಮಗೆ ಗೊತ್ತಿರುವುದೇ. ಸವದತ್ತಿಯ ಎಲ್ಲಮ್ಮನಿಗೆ ರೇಣುಕೆಯ ಕಥೆ ಕೂಡಿಕೊಂಡು, ಜಮದಗ್ನಿಯ ಹೆಂಡತಿಯಾಗಿ, ಪರಶುರಾಮನ ತಾಯಿಯಾಗಿ ಅವಳು ಪುರಾಣದ ಮನೆಗೆ ಹೋದಳು. ಎಂ. ಎನ್. ಶ್ರೀನಿವಾಸರು ೧೯೫೨ರ ತಮ್ಮ ಕೊಡವರ ಅಧ್ಯಯನದಲ್ಲಿ ಮುಂದಿಟ್ಟ ‘ಸಂಸ್ಕೃತೀಕರಣ’ದ ಪರಿಕಲ್ಪನೆ ಇಂಥ ಬದಲಾವಣೆಯನ್ನು ಮೇಲೇರುವ ಜಾತಿಯ ಕಣ್ಣಿನಿಂದ ವಿವರಿಸುತ್ತದೆ. ದೈವದ ಕಡೆಯಿಂದ, ದೈವ ಮೈದುಂಬುವ ಹೆಣ್ಣಿನ ಕಡೆಯಿಂದ ಅದನ್ನು ವಿವರಿಸಲು ಆ ಪದ ಸಾಲದು. ಹಾಗೆಂದು ಹಳೆಯದೆಲ್ಲ ಕಾಪಾಡತಕ್ಕದ್ದೆಂದು ನಾನು ಹೇಳಲಾರೆ. ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯೂ ‘ಮೂಲ’ದ್ದೇ ಎಂದು ವಾದಿಸಿದವರುಂಟು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ೧೯೮೨ರ ಕರ್ನಾಟಕದ ಕಾಯಿದೆ ಸರಿಯಾದ ಕೆಲಸವನ್ನೇ ಮಾಡಿತು. ಆಚರಣೆಯೊಂದನ್ನು ಉಳಿಸಬೇಕೋ ಬಿಡಬೇಕೋ ಎಂಬುದನ್ನು ಅದರ ವಯಸ್ಸು ನಿರ್ಧರಿಸಲಾಗದು. ಅದನ್ನು ಹೊತ್ತವರ ಬಾಳು ನಿರ್ಧರಿಸಬೇಕು. ಎಲ್ಲಮ್ಮನ ವಿಷಯದಲ್ಲಿ ವಿಷಾದವೆಂದರೆ, ಮುತ್ತಿನ ಹೊರೆಯನ್ನು ಹೊತ್ತ ಜೋಗತಿಯರ ಹಾಡುಗಳಿಗೆ ರೇಣುಕಾಪುರಾಣದ ಮುಂದೆ ದೊರೆತ ಮನ್ನಣೆ ತೀರ ತಡವಾಗಿ ಬಂತು.

ಭಾಗ್ಯವಂತಿಯನ್ನು ಆದಿಶಕ್ತಿಯ ಅವತಾರವೆಂದು ಕರೆಯುವ ಭಕ್ತನಿಂದ ಅವಳಿಗೆ ಏನೂ ಕೊರತೆಯಾಗುವುದಿಲ್ಲ. ಕೊರತೆ ಆಗುವುದು ಆ ವಿವರಣೆ ಒಂದೇ ಉಳಿದಾಗ. ಅಫಜಲಪುರ, ಜೇವರ್ಗಿ, ಆಳಂದ ಸೀಮೆಯ ಹೆಂಗಸರು ಅವಳನ್ನು ‘ಘತ್ತರಗಿ ಭಾಗಮ್ಮ’ ಎನ್ನುತ್ತಾರೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳ ಹೆಸರೂ ಭಾಗಮ್ಮ, ಭಾಗ್ಯವಂತಿ. ದೇವಿಯ ಹೆಸರು ಹಟ್ಟಿಯಲ್ಲಿ ಕೂಗಿ ಕರೆಯುವ ಹೆಸರಾಗಿರುವಷ್ಟು ಕಾಲ ಅವಳು ಯಾರಿಗೂ ದೂರದವಳಲ್ಲ. ಆದ್ದರಿಂದ ಇಲ್ಲಿ ಕ್ಷೇತ್ರಕಾರ್ಯ ಮಾಡಹೊರಟವನು ದೇವಿಯ ಮೂಲ ಯಾವುದೆಂಬ ಪ್ರಶ್ನೆಯಿಂದ ಆರಂಭಿಸಬಾರದೆಂಬುದು ನನ್ನ ಅಭಿಮತ. ಹರಕೆ ತೀರಿಸುವಾಗ ಯಾರು ಯಾರ ಬಾಯಿಂದ ಮಾತನಾಡುತ್ತಾರೆ, ಗುಡಿಯ ಸೇವೆಯ ಸರದಿ ಯಾವ ಮನೆತನಗಳದು, ಯಾವ ಕೇರಿಯ ವಾದ್ಯ ಎಲ್ಲಿಯವರೆಗೆ ಬರುತ್ತದೆ, ಯಾರ ಎಡೆ ಒಳಗೆ ಹೋಗುತ್ತದೆ, ಯಾರದು ಹೊರಗೆ ನಿಲ್ಲುತ್ತದೆ, ಧ್ವನಿವರ್ಧಕದಲ್ಲಿ ಬರುವ ಹಾಡು ಹೊಳೆಯ ದಂಡೆಯಲ್ಲಿ ಕೂತವರ ಹಾಡನ್ನು ಎಷ್ಟರಮಟ್ಟಿಗೆ ಮುಚ್ಚಿದೆ, ಇವನ್ನು ಮೊದಲು ಬರೆದುಕೊಳ್ಳಬೇಕು. ಹಾಡಿದವಳ ಹೆಸರು, ಊರು, ಕೇರಿ, ಹಾಡಿದ ದಿನ, ಕಲಿಸಿದವರು ಯಾರೆಂಬುದು ಹಾಡಿನೊಡನೆಯೇ ದಾಖಲಾಗಬೇಕು. ನಮ್ಮ ಜಾನಪದ ಸಂಗ್ರಹಗಳಲ್ಲಿ ಸಂಪಾದಕರ ಹೆಸರು ಮುಖಪುಟದಲ್ಲಿಯೂ ಹಾಡಿದವರ ಹೆಸರು ಕೊನೆಯ ಪುಟದ ಸಣ್ಣಕ್ಷರದಲ್ಲಿಯೂ ಇರುವುದನ್ನು ಓದುಗರು ಕಂಡಿರುತ್ತಾರೆ. ಅಪಹರಣದ ಬಗೆಗೆ ಬರೆಯುವ ವಿದ್ವಾಂಸನು ತನ್ನ ಗ್ರಂಥದ ಮುಖಪುಟವನ್ನೂ ಈ ಪರೀಕ್ಷೆಗೆ ಒಡ್ಡಬೇಕಾಗುತ್ತದೆ.

ಕೊನೆಯದಾಗಿ ಹೆಸರಿನ ವ್ಯಾಕರಣದ ಒಂದು ಮಾತು. ‘ಭಾಗ್ಯ’ ಸಂಸ್ಕೃತ ಪದ. ಸಂಸ್ಕೃತದ ನಿಯಮದಂತೆ ಅದರಿಂದ ಹುಟ್ಟಬೇಕಾದ ಸ್ತ್ರೀಲಿಂಗ ರೂಪ ‘ಭಾಗ್ಯವತಿ’. ಘತ್ತರಗಿಯ ದೇವಿ ‘ಭಾಗ್ಯವಂತಿ’. ‘ಸಿರಿವಂತ’, ‘ಹಣವಂತ’ ಎಂದು ಕನ್ನಡ ತನ್ನದಾಗಿಸಿಕೊಂಡ ‘ವಂತ’ ಪ್ರತ್ಯಯದ ಹೆಣ್ಣುರೂಪ ಅದು. ಸಂಸ್ಕೃತದಿಂದ ಪದವನ್ನು ಪಡೆದ ಜನ ಅದರ ತುದಿಯನ್ನು ತಮ್ಮ ನಾಲಗೆಗೆ ತಕ್ಕಂತೆ ಹೊರಳಿಸಿಕೊಂಡಿದ್ದಾರೆ. ಇದೂ ಸ್ವೀಕಾರವೇ, ಕೆಳಗಿನಿಂದ ನಡೆದ ಸ್ವೀಕಾರ. ನಾಳೆ ಯಾರಾದರೂ ಶುದ್ಧಿಯ ಹಂಬಲದಿಂದ ಗುಡಿಯ ಫಲಕದ ಮೇಲಿನ ಅನುಸ್ವಾರವನ್ನು ಅಳಿಸಿ ‘ಭಾಗ್ಯವತಿ’ ಎಂದು ತಿದ್ದಿದರೆ, ವ್ಯಾಕರಣದ ದೃಷ್ಟಿಯಿಂದ ಅವರನ್ನು ಆಕ್ಷೇಪಿಸಲು ಬರುವುದಿಲ್ಲ. ಅಳಿಸಿದ್ದು ಒಂದು ಸೊನ್ನೆಯನ್ನಷ್ಟೇ. ಸನ್ನತಿಯ ಚಪ್ಪಡಿಯಲ್ಲಿ ಉಳಿ ತೆಗೆದದ್ದೂ ಕೆಲವು ಅಕ್ಷರಗಳನ್ನಷ್ಟೇ.